‘ಕ್ಯಾನ್ಸರ್ ಪ್ಯಾಕೇಜ್’ ಎಂಬ ನಂಬರ್ ಆಟ: ರಕ್ತದಲ್ಲಿನ ಪ್ರೊಟೀನ್ ಏನು ಹೇಳುತ್ತೆ, ಏನು ಹೇಳಲ್ಲ?

ಕಳೆದ ವರ್ಷ ನನ್ನ ಚಿಕ್ಕಮ್ಮನ ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ. ಮೊದಲ ಸಂಬಳದಲ್ಲಿ ಅಮ್ಮನಿಗೆ ಒಂದು ಸೀರೆ, ಜೊತೆಗೆ ಒಂದು ಹೆಲ್ತ್ ಚೆಕಪ್ ಪ್ಯಾಕೇಜ್. ಆ್ಯಪ್‌ನಲ್ಲಿ ಬುಕ್ ಮಾಡಿದ್ರೆ ಮನೆ ಬಾಗಿಲಿಗೇ ಬಂದು ರಕ್ತ ತಗೊಂಡು ಹೋಗ್ತಾರಲ್ಲ, ಅದು. ಎಂಬತ್ತಕ್ಕೂ ಹೆಚ್ಚು ಟೆಸ್ಟ್‌ಗಳು, ಮೇಲೆ ಒಂದಿಷ್ಟು ದುಡ್ಡು ಸೇರಿಸಿದ್ರೆ ಮಹಿಳೆಯರ ಕ್ಯಾನ್ಸರ್ ಸ್ಕ್ರೀನಿಂಗ್ ಕೂಡ. ಅಮ್ಮನ ಮೇಲಿನ ಪ್ರೀತಿಯಿಂದ ಅದನ್ನೂ ಸೇರಿಸಿದ.

ಮಾರನೇ ದಿನ ವಾಟ್ಸಾಪ್‌ಗೆ ಪಿಡಿಎಫ್ ಬಂತು. ಸಿಎ-125 ಅನ್ನೋದರ ಎದುರು 61 ಅಂತ ಇತ್ತು. ಕೆಂಪು ಅಕ್ಷರ, ಪಕ್ಕದಲ್ಲಿ ಮೇಲ್ಮುಖ ಬಾಣ. ನಾರ್ಮಲ್ ಅಂದ್ರೆ 35ರ ಒಳಗಿರಬೇಕು ಅಂತ ಅಲ್ಲೇ ಬರೆದಿತ್ತು. ಆ ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಗೂಗಲ್‌ನಲ್ಲಿ ಸಿಎ-125 ಅಂತ ಹೊಡೆದರೆ ಮೊದಲು ಬರೋದೇ ಅಂಡಾಶಯದ ಕ್ಯಾನ್ಸರ್.

ಮುಂದಿನ ಮೂರು ವಾರ ಎರಡು ಸ್ಕ್ಯಾನ್, ಒಂದು ಎಂಆರ್‌ಐ, ಮೂವರು ವೈದ್ಯರು. ಒಬ್ಬರು “ಹೇಗೂ ಮಕ್ಕಳಾಗಿದೆ, ತೆಗೆಸಿಬಿಡಿ, ರಿಸ್ಕ್ ಯಾಕೆ” ಅಂದ್ರು. ಕೊನೆಗೆ ಪರಿಚಯದವರೊಬ್ಬರು ಹೇಳಿದ್ರು ಅಂತ ಸರ್ಕಾರಿ ಆಸ್ಪತ್ರೆಯ ಹಿರಿಯ ಸ್ತ್ರೀರೋಗ ತಜ್ಞೆಯ ಹತ್ತಿರ ಹೋದರು. ಆಕೆ ಫೈಲ್ ತೆರೆಯೋ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ: “ರಕ್ತ ಕೊಟ್ಟ ದಿನ ಮುಟ್ಟಾಗಿದ್ರಾ ಅಮ್ಮ?” ಆಗಿದ್ರು, ಎರಡನೇ ದಿನ. ಎರಡು ವಾರ ಬಿಟ್ಟು ಮತ್ತೆ ರಕ್ತ ಕೊಟ್ಟಾಗ ಬಂದ ನಂಬರ್ 24.

ಮುಟ್ಟಿನ ದಿನಗಳಲ್ಲಿ ಸಿಎ-125 ಏರುತ್ತೆ ಅನ್ನೋದು ಹೊಸ ವಿಷಯವೇನಲ್ಲ. ಬಸುರಿಯರಲ್ಲಿ ಏರುತ್ತೆ. ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ, ಲಿವರ್ ಕಾಯಿಲೆ ಇದ್ದವರಲ್ಲಿ ಏರುತ್ತೆ. ನಮ್ಮ ದೇಶದಲ್ಲಿ ಮುಖ್ಯವಾಗಿ ನೆನಪಿಡಬೇಕಾದದ್ದು ಹೊಟ್ಟೆಯ ಕ್ಷಯ. ಅದರಲ್ಲಿ ಸಿಎ-125 ನೂರಾರಕ್ಕೆ ಹೋಗಬಹುದು, ಹೊಟ್ಟೆಯಲ್ಲಿ ನೀರು ತುಂಬಬಹುದು, ನೋಡೋಕೆ ಥೇಟ್ ಅಂಡಾಶಯದ ಕ್ಯಾನ್ಸರ್. ಆಪರೇಷನ್ ಟೇಬಲ್ ಮೇಲೆ ಹೊಟ್ಟೆ ಕೊಯ್ದ ಮೇಲೆ ಟಿಬಿ ಅಂತ ಗೊತ್ತಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಸಾಕಷ್ಟಿವೆ. ಆರು ತಿಂಗಳು ಮಾತ್ರೆ ನುಂಗಿದ್ರೆ ಹೋಗೋ ಕಾಯಿಲೆ ಅದು.

ಹಾಗಾದ್ರೆ ಈ ಟೆಸ್ಟ್ ಮೋಸವಾ? ಅಲ್ಲ. ಸಾವಿರಾರು ಜನರ ಜೀವ ಉಳಿಸಿರೋ ವಿಜ್ಞಾನ ಇದು. ಆದ್ರೆ ಅದು ಜೀವ ಉಳಿಸುವ ಜಾಗ ಒಂದು, ನಮಗೆ ಮಾರಾಟ ಆಗ್ತಿರೋ ಜಾಗ ಇನ್ನೊಂದು.

ಮೂತ್ರದಿಂದ ಶುರುವಾದ ಕತೆ

1845ರಲ್ಲಿ ಲಂಡನ್ನಿನ ಒಬ್ಬ ಮಧ್ಯವಯಸ್ಸಿನ ವ್ಯಾಪಾರಿಗೆ ಮೂಳೆಗಳಲ್ಲಿ ತಡೆಯಲಾಗದ ನೋವು. ವೈದ್ಯರು ಅವನ ಮೂತ್ರವನ್ನು ಕಾಯಿಸಿ ನೋಡಿದಾಗ ವಿಚಿತ್ರ ಕಂಡಿತು. ಬಿಸಿ ಮಾಡಿದಾಗ ಮೊಟ್ಟೆಯ ಬಿಳಿಭಾಗದಂತೆ ಗಟ್ಟಿಯಾಗುವ ಏನೋ ಒಂದು, ಕುದಿಯೋ ಹೊತ್ತಿಗೆ ಮತ್ತೆ ಕರಗಿಹೋಗುತ್ತಿತ್ತು. ಮಾದರಿ ಹೋಗಿದ್ದು ಹೆನ್ರಿ ಬೆನ್ಸ್ ಜೋನ್ಸ್ ಎಂಬ ವೈದ್ಯ-ರಸಾಯನಶಾಸ್ತ್ರಜ್ಞನ ಬಳಿಗೆ. ರೋಗಿ ಉಳಿಯಲಿಲ್ಲ. ಆ ಪ್ರೊಟೀನ್‌ಗೆ ಮಾತ್ರ ಬೆನ್ಸ್ ಜೋನ್ಸ್ ಹೆಸರೇ ನಿಂತಿತು. ಅದು ಮಲ್ಟಿಪಲ್ ಮೈಲೋಮಾ ಎಂಬ, ಮೂಳೆಮಜ್ಜೆಯಲ್ಲಿ ಹುಟ್ಟುವ ಕ್ಯಾನ್ಸರ್‌ನ ಗುರುತು. ಕ್ಯಾನ್ಸರ್ ಒಂದನ್ನು ಮೈಯ ದ್ರವದಲ್ಲಿ ಹುಡುಕಿದ ಮೊದಲ ಉದಾಹರಣೆ ಇದು. ಮೈಲೋಮಾದಲ್ಲಿ ಇಂದಿಗೂ ರಕ್ತ ಮತ್ತು ಮೂತ್ರದಲ್ಲಿ ಇದೇ ಜಾತಿಯ ಪ್ರೊಟೀನ್ ಅಳೆದೇ ಚಿಕಿತ್ಸೆ ಹೇಗೆ ನಡೀತಿದೆ ಅಂತ ನೋಡ್ತಾರೆ.

ತತ್ವ ಸರಳ. ನಮ್ಮ ಕೋಶಗಳು ಸದಾ ಪ್ರೊಟೀನ್ ತಯಾರಿಸುತ್ತಾ ಇರ್ತವೆ, ಅದರಲ್ಲಿ ಸ್ವಲ್ಪ ರಕ್ತಕ್ಕೆ ಸೋರುತ್ತೆ. ಕ್ಯಾನ್ಸರ್ ಕೋಶ ಲಂಗುಲಗಾಮಿಲ್ಲದೆ ಹೆಚ್ಚುವುದರಿಂದ ಕೆಲವು ಪ್ರೊಟೀನ್‌ಗಳು ಮಾಮೂಲಿಗಿಂತ ಹೆಚ್ಚು ಸೋರಬಹುದು. ಇನ್ನು ಕೆಲವು ಕೋಶಗಳು ಗರ್ಭದಲ್ಲಿದ್ದಾಗ ಮಾಡುತ್ತಿದ್ದ ಪ್ರೊಟೀನನ್ನು ಮತ್ತೆ ಮಾಡಲು ಶುರು ಮಾಡುತ್ತವೆ. 1960ರ ದಶಕದಲ್ಲಿ ಮಾಸ್ಕೋದಲ್ಲಿ ಅಬೆಲೆವ್ ತಂಡಕ್ಕೆ ಸಿಕ್ಕ ಎಎಫ್‌ಪಿ, 1965ರಲ್ಲಿ ಮಾಂಟ್ರಿಯಲ್‌ನ ಗೋಲ್ಡ್ ಮತ್ತು ಫ್ರೀಡ್‌ಮನ್ ಗುರುತಿಸಿದ ಸಿಇಎ, ಎರಡೂ ಹೀಗೆ ಭ್ರೂಣದ ಕಾಲದಿಂದ ತಿರುಗಿ ಬಂದಂಥವು. ಮೊದಲನೆಯದು ಲಿವರ್ ಕ್ಯಾನ್ಸರ್‌ಗೆ, ಎರಡನೆಯದು ದೊಡ್ಡ ಕರುಳಿನ ಕ್ಯಾನ್ಸರ್‌ಗೆ ನಂಟು.

ಅಳೆಯೋದು ಹೇಗೆ? ಒಂದು ಪ್ರೊಟೀನನ್ನು ಮಾತ್ರ ಹುಡುಕಿ ಹಿಡಿಯುವ ಪ್ರತಿಕಾಯ ಬೇಕು. 1975ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಕೊಹ್ಲರ್ ಮತ್ತು ಮಿಲ್‌ಸ್ಟೀನ್ ಒಂದೇ ಅಚ್ಚಿನ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ದಾರಿ ಕಂಡುಹಿಡಿದರು. ಅರ್ಜೆಂಟೀನಾದ ಮಿಲ್‌ಸ್ಟೀನ್, ಅಲ್ಲಿನ ಸೇನಾ ದಂಗೆಯ ನಂತರ ವಿಜ್ಞಾನಿಗಳ ಮೇಲೆ ನಡೆದ ದಬ್ಬಾಳಿಕೆಗೆ ಬೇಸತ್ತು ದೇಶ ಬಿಟ್ಟವರು. ಈ ತಂತ್ರಕ್ಕೆ ಪೇಟೆಂಟ್ ಪಡೆಯಲಿಲ್ಲ. ಇವತ್ತು ನಿಮ್ಮ ತಾಲೂಕಿನ ಲ್ಯಾಬ್ ಕೂಡ ಈ ಟೆಸ್ಟ್‌ಗಳನ್ನು ಮಾಡಿಸಿಕೊಡೋಕೆ ಸಾಧ್ಯವಾಗಿರೋದರ ಹಿಂದೆ ಆ ಸಂಶೋಧನೆ ಇದೆ. ಸಿಎ-125 ಎಂಬ ಹೆಸರು ಕೂಡ 1981ರಲ್ಲಿ ರಾಬರ್ಟ್ ಬಾಸ್ಟ್ ತಂಡ ತಯಾರಿಸಿದ ಅಂಥದೇ ಒಂದು ಪ್ರತಿಕಾಯದ ಸಂಖ್ಯೆಯಿಂದ ಬಂದದ್ದು. ಪಿಎಸ್‌ಎ ಅಳೆಯೋದು ನ್ಯಾನೋಗ್ರಾಂನಲ್ಲಿ. ಒಂದು ಗ್ರಾಂನ ನೂರು ಕೋಟಿ ಭಾಗದಲ್ಲಿ ಒಂದು ಭಾಗ. ಇಷ್ಟು ಸಣ್ಣ ಅಳತೆ ಸಾಧ್ಯವಾಗಿದೆ ಅನ್ನೋದೇ ಒಂದು ಸೋಜಿಗ.

ನಂಬರ್ ಸೊನ್ನೆಯಾಗುವವರೆಗೆ

ಈ ಟೆಸ್ಟ್‌ಗಳ ನಿಜವಾದ ಶಕ್ತಿ ಏನು ಅಂತ ತಿಳಿಯೋಕೆ ಮಿನ್ ಚಿಯು ಲೀ ಎಂಬ ವೈದ್ಯನ ಕತೆ ಗೊತ್ತಿರಬೇಕು. ಚೀನಾದಿಂದ ಅಮೆರಿಕಕ್ಕೆ ಬಂದವನು. 1956ರಲ್ಲಿ ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ರಾಯ್ ಹರ್ಟ್ಜ್ ಜೊತೆ ಕೋರಿಯೋಕಾರ್ಸಿನೋಮಾ ರೋಗಿಗಳನ್ನು ನೋಡುತ್ತಿದ್ದ. ಬಸಿರಿನಲ್ಲಿ ಮಾಸು ಬೆಳೆಯುತ್ತಲ್ಲ, ಅದರ ಕೋಶಗಳಿಂದ ಹುಟ್ಟುವ ಕ್ಯಾನ್ಸರ್ ಅದು. ಹರೆಯದ ಹೆಣ್ಣುಮಕ್ಕಳಿಗೆ ಬರುತ್ತಿತ್ತು, ಶ್ವಾಸಕೋಶಕ್ಕೆ ಹರಡಿದರೆ ಸಾವು ಗ್ಯಾರಂಟಿ. ಲೀ ಅವರಿಗೆ ಮೆಥೊಟ್ರೆಕ್ಸೇಟ್ ಕೊಟ್ಟ. (ಈ ಔಷಧ ಬಂದದ್ದು ಆಂಧ್ರದ ಭೀಮಾವರಂ ಮೂಲದ ಯಲ್ಲಾಪ್ರಗಡ ಸುಬ್ಬರಾವ್ ಮುನ್ನಡೆಸಿದ ಪ್ರಯೋಗಾಲಯದಿಂದ. ನಮ್ಮ ಪಠ್ಯಪುಸ್ತಕಗಳು ಅವರನ್ನು ಇನ್ನಷ್ಟು ನೆನೆಯಬೇಕಿತ್ತು.) ಕೆಲವೇ ತಿಂಗಳಲ್ಲಿ ಎಕ್ಸ್‌ರೇಯಲ್ಲಿ ಗೆಡ್ಡೆಗಳು ಮಾಯ.

ಎಲ್ಲರೂ ಸಂಭ್ರಮಿಸಿ ನಿಲ್ಲಿಸಬೇಕಿತ್ತು. ಲೀ ನಿಲ್ಲಿಸಲಿಲ್ಲ. ಯಾಕಂದ್ರೆ ಆ ಕ್ಯಾನ್ಸರ್ ಎಚ್‌ಸಿಜಿ ಎಂಬ ಹಾರ್ಮೋನನ್ನು ಸ್ರವಿಸುತ್ತೆ. ಬಸಿರು ನಿಂತಿದೆಯಾ ಅಂತ ಮೂತ್ರದಲ್ಲಿ ಪಟ್ಟಿ ಅದ್ದಿ ನೋಡ್ತೀವಲ್ಲ, ಅದೇ ಪ್ರೊಟೀನ್. ಎಕ್ಸ್‌ರೇ ಸ್ವಚ್ಛವಾಗಿದ್ದರೂ ಎಚ್‌ಸಿಜಿ ಇನ್ನೂ ಸ್ವಲ್ಪ ಉಳಿದಿತ್ತು. ಅಂದ್ರೆ ಎಲ್ಲೋ ಕ್ಯಾನ್ಸರ್ ಕೋಶ ಬದುಕಿದೆ ಅಂತ ಅವನ ವಾದ. ನಂಬರ್ ಸೊನ್ನೆಗೆ ಇಳಿಯುವ ತನಕ ಔಷಧ ಕೊಡುತ್ತಲೇ ಹೋದ. ‘ಕಾಯಿಲೆ ಇಲ್ಲದವರಿಗೆ ವಿಷ ಕೊಡ್ತಿದ್ದಾನೆ, ರೋಗಿಗಳ ಮೇಲೆ ಪ್ರಯೋಗ ಮಾಡ್ತಿದ್ದಾನೆ’ ಅನ್ನೋ ದೂರು ಬಂತು. 1957ರಲ್ಲಿ ಸಂಸ್ಥೆ ಅವನನ್ನು ಹೊರಗೆ ಕಳಿಸಿತು.

ಆಮೇಲೆ ಗೊತ್ತಾದದ್ದು ಏನು? ಎಕ್ಸ್‌ರೇ ನೋಡಿ ಔಷಧ ನಿಲ್ಲಿಸಿದ ರೋಗಿಗಳಲ್ಲಿ ಕ್ಯಾನ್ಸರ್ ಮರಳಿ ಬಂತು. ಲೀ ಹೇಳಿದಷ್ಟು ಕಾಲ ಔಷಧ ಪಡೆದವರಲ್ಲಿ ಬರಲಿಲ್ಲ. ಹರಡಿದ ಗೆಡ್ಡೆ ಕ್ಯಾನ್ಸರ್ ಒಂದನ್ನು ಔಷಧದಿಂದಲೇ ಪೂರ್ತಿ ಗುಣಪಡಿಸಿದ ಮೊದಲ ಉದಾಹರಣೆ ಅದು. 1972ರಲ್ಲಿ ಲೀಗೆ ಲಾಸ್ಕರ್ ಪ್ರಶಸ್ತಿ ಬಂತು.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಲೀ ಆ ನಂಬರನ್ನು ಆರೋಗ್ಯವಂತರ ಮೇಲೆ ಹೋಗಿ ಹುಡುಕಲಿಲ್ಲ. ಕ್ಯಾನ್ಸರ್ ಇದೆ ಅಂತ ಖಚಿತವಾಗಿದ್ದವರಲ್ಲಿ, ಕೆಲಸ ಮಾಡುವ ಔಷಧ ಕೈಯಲ್ಲಿದ್ದಾಗ, ಮುಂದೇನು ಮಾಡಬೇಕು ಅನ್ನೋದನ್ನು ತೀರ್ಮಾನಿಸೋಕೆ ಬಳಸಿದ. ವೃಷಣದ ಕ್ಯಾನ್ಸರ್‌ನಲ್ಲಿ ಎಎಫ್‌ಪಿ ಮತ್ತು ಎಚ್‌ಸಿಜಿ, ಥೈರಾಯ್ಡ್ ತೆಗೆಸಿಕೊಂಡವರಲ್ಲಿ ಥೈರೋಗ್ಲೊಬ್ಯುಲಿನ್, ಕರುಳಿನ ಆಪರೇಷನ್ ಆದವರಲ್ಲಿ ಸಿಇಎ ಇವತ್ತಿಗೂ ಹೀಗೇ ಕೆಲಸಕ್ಕೆ ಬರುತ್ತವೆ. ಕ್ಯಾನ್ಸರ್ ಆಸ್ಪತ್ರೆಯ ಕಾರಿಡಾರ್‌ನಲ್ಲಿ ಕೂತು “ಈ ಸಲ ಎಷ್ಟು ಬಂತು?” ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳುವವರಿಗೆ ಆ ನಂಬರ್ ನಿಜವಾಗಿಯೂ ಒಂದು ದಾರಿದೀಪ.

ಹತ್ತು ಸಾವಿರ ಹೆಂಗಸರ ಲೆಕ್ಕ

ಈಗ ಅದೇ ಟೆಸ್ಟನ್ನು ಯಾವ ತೊಂದರೆಯೂ ಇಲ್ಲದ ಮನೆಮಂದಿಯ ಮೇಲೆ ಹಾಕೋಣ. ಐವತ್ತು ದಾಟಿದ 10,000 ಹೆಂಗಸರು. ಅವರಲ್ಲಿ 4 ಜನಕ್ಕೆ ಗೊತ್ತಿಲ್ಲದಂತೆ ಅಂಡಾಶಯದ ಕ್ಯಾನ್ಸರ್ ಇದೆ ಅಂದುಕೊಳ್ಳಿ. ಟೆಸ್ಟ್ ತುಂಬಾ ಒಳ್ಳೆಯದು, ಕ್ಯಾನ್ಸರ್ ಇಲ್ಲದವರಲ್ಲಿ ನೂರಕ್ಕೆ 99 ಜನಕ್ಕೆ ‘ಇಲ್ಲ’ ಅಂತ ಸರಿಯಾಗೇ ಹೇಳುತ್ತೆ. ಕ್ಯಾನ್ಸರ್ ಇರುವ ನಾಲ್ವರಲ್ಲಿ ಮೂವರನ್ನು ಹಿಡಿಯುತ್ತೆ.

ಉಳಿದ 9,996 ಜನರಲ್ಲಿ ನೂರಕ್ಕೆ ಒಬ್ಬರಂತೆ ಸುಮಾರು 100 ಜನಕ್ಕೆ ಸುಳ್ಳೇ ಕೆಂಪು ಬಾಣ ಬರುತ್ತೆ. ಒಟ್ಟು 103 ಕೆಂಪು ಬಾಣಗಳಲ್ಲಿ ನಿಜ 3. ಟೆಸ್ಟ್ 99 ಪರ್ಸೆಂಟ್ ನಿಖರ ಅನ್ನೋ ಜಾಹೀರಾತು ಸುಳ್ಳಲ್ಲ. ಆದ್ರೆ ಆ ಕೆಂಪು ಬಾಣ ನೋಡಿದ ನಿಮಗೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಮೂರು. ಕಾಯಿಲೆ ಅಪರೂಪವಾದಷ್ಟೂ ಈ ಲೆಕ್ಕ ಕೆಡುತ್ತೆ. ಇನ್ನೂ ಮುಟ್ಟು ನಿಲ್ಲದವರಲ್ಲಿ, ಅಂದ್ರೆ ನಮ್ಮ ಚಿಕ್ಕಮ್ಮನಂಥವರಲ್ಲಿ, ಸಿಎ-125 ಇದಕ್ಕಿಂತ ಕೆಟ್ಟದಾಗಿ ಕೆಲಸ ಮಾಡುತ್ತೆ. ಒಪ್ಪಂದದ ಆ 35 ಅನ್ನೋ ಗೆರೆ ಕೂಡ ಮನುಷ್ಯರು ಎಳೆದದ್ದು. 34ರಲ್ಲಿ ಕ್ಷೇಮ, 36ರಲ್ಲಿ ಅಪಾಯ ಅಂತ ಮೈಗೆ ಗೊತ್ತಿಲ್ಲ.

ಪ್ಯಾಕೇಜ್‌ನಲ್ಲಿ ಇನ್ನೊಂದು ಕುತಂತ್ರ ಇದೆ, ಯಾರೂ ಬೇಕಂತ ಮಾಡದಿದ್ದರೂ ಆಗುವಂಥದ್ದು. ಬಹುಪಾಲು ರಕ್ತಪರೀಕ್ಷೆಗಳ ‘ನಾರ್ಮಲ್’ ಅಂದ್ರೆ ಆರೋಗ್ಯವಂತರಲ್ಲಿ 95 ಪರ್ಸೆಂಟ್ ಜನ ಬೀಳುವ ವ್ಯಾಪ್ತಿ. ಅಂದ್ರೆ ಪ್ರತಿ ಟೆಸ್ಟ್‌ನಲ್ಲೂ 20ರಲ್ಲಿ ಒಬ್ಬ ಆರೋಗ್ಯವಂತ ಹೊರಗೆ ಬೀಳ್ತಾನೆ. ಒಂದಕ್ಕೊಂದು ಸಂಬಂಧವಿಲ್ಲದ ಇಂಥ 20 ಟೆಸ್ಟ್ ಮಾಡಿಸಿದ್ರೆ ಕನಿಷ್ಠ ಒಂದಾದರೂ ಕೆಂಪಾಗುವ ಸಾಧ್ಯತೆ 64 ಪರ್ಸೆಂಟ್. ಎಂಬತ್ತು ಟೆಸ್ಟ್ ಮಾಡಿಸಿ ಎಲ್ಲವೂ ಹಸಿರಾಗಿ ಬಂದರೆ ಅದೇ ಆಶ್ಚರ್ಯ!

ದೊಡ್ಡ ಪ್ರಯೋಗಗಳು ಏನು ಹೇಳಿದವು?

“ಸುಳ್ಳು ಬಾಣ ಬಂದ್ರೆ ಬರಲಿ, ಮೂರು ಜನ ಸಿಕ್ಕರಲ್ಲ, ಅವರ ಜೀವ ಉಳೀತಲ್ಲ” ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕೋಕೆ ಅಂತಲೇ ಬ್ರಿಟನ್ 2001ರಿಂದ 2005ರವರೆಗೆ 2 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡು ಒಂದು ಪ್ರಯೋಗ ನಡೆಸಿತು. ಒಂದು ಗುಂಪಿಗೆ ಪ್ರತಿವರ್ಷ ಸಿಎ-125. ಒಂದೇ ಗೆರೆ ನೋಡದೆ, ಅದೇ ಹೆಂಗಸಿನ ನಂಬರ್ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗ್ತಿದೆ ಅಂತ ನೋಡುವ ಜಾಣ ವಿಧಾನ. ಆ ಗುಂಪಿನಲ್ಲಿ ಕ್ಯಾನ್ಸರ್‌ಗಳು ಮೊದಲ ಹಂತದಲ್ಲೇ ಹೆಚ್ಚು ಸಿಕ್ಕವು. ಎಲ್ಲರಿಗೂ ಆಸೆ ಚಿಗುರಿತು. 2021ರಲ್ಲಿ ಅಂತಿಮ ಲೆಕ್ಕ ಬಂತು: ಸಾವಿನ ಸಂಖ್ಯೆಯಲ್ಲಿ ಗಣನೀಯ ವ್ಯತ್ಯಾಸ ಇಲ್ಲ. ಬೇಗ ಕಂಡುಹಿಡಿದದ್ದು ನಿಜ, ಆದ್ರೆ ಅದರಿಂದ ಹೆಚ್ಚು ಜನ ಬದುಕಲಿಲ್ಲ.

ಅಮೆರಿಕದ ಪ್ರಯೋಗದ ಫಲಿತಾಂಶ 2011ರಲ್ಲಿ ಬಂದಿತ್ತು. ಅಲ್ಲಿ 78,000 ಮಹಿಳೆಯರು. ಸ್ಕ್ರೀನಿಂಗ್ ಗುಂಪಿಗೆ ಸಿಎ-125 ಜೊತೆ ಸ್ಕ್ಯಾನ್ ಕೂಡ. ಅದರಲ್ಲಿ 3,285 ಜನಕ್ಕೆ ಸುಳ್ಳು ಪಾಸಿಟಿವ್. ಅವರಲ್ಲಿ 1,080 ಜನಕ್ಕೆ ಆಪರೇಷನ್ ಆಯ್ತು. ಆಪರೇಷನ್ ಆದವರಲ್ಲಿ 163 ಜನಕ್ಕೆ ಗಂಭೀರ ತೊಡಕು. ಕ್ಯಾನ್ಸರ್ ಇಲ್ಲದ ಹೆಂಗಸರ ಹೊಟ್ಟೆ ಕೊಯ್ದದ್ದು ಅದು. ಉಳಿದ ಜೀವಗಳ ಲಾಭ? ಸಿಗಲಿಲ್ಲ.

ಗಂಡಸರ ಪಿಎಸ್‌ಎ ಕತೆ ಇನ್ನೂ ಗೋಜಲು. ಪ್ರಾಸ್ಟೇಟ್ ಗ್ರಂಥಿ ವಯಸ್ಸಾದಂತೆ ದಪ್ಪ ಆಗೋದು ಸಹಜ, ಆಗಲೂ ಪಿಎಸ್‌ಎ ಏರುತ್ತೆ. ಮೂತ್ರದ ಸೋಂಕು ಆದರೂ ಏರುತ್ತೆ. ಇನ್ನೊಂದು ಕಡೆ, 4ರ ಒಳಗೆ ಪಿಎಸ್‌ಎ ಇದ್ದ ಗಂಡಸರಿಗೆ ಬಯಾಪ್ಸಿ ಮಾಡಿದ ಅಮೆರಿಕದ 2004ರ ಅಧ್ಯಯನದಲ್ಲಿ ಸುಮಾರು 15 ಪರ್ಸೆಂಟ್ ಜನಕ್ಕೆ ಕ್ಯಾನ್ಸರ್ ಇತ್ತು. ಅದಕ್ಕಿಂತ ದೊಡ್ಡ ಸಮಸ್ಯೆ ಅಂದ್ರೆ, ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಎಷ್ಟೋ ಆಮೆಯಂತೆ ನಿಧಾನ. ಅದರ ಪಾಡಿಗೆ ಬಿಟ್ಟರೆ ಮನುಷ್ಯ ತನ್ನ ಆಯಸ್ಸು ಮುಗಿಸಿ ಬೇರೆ ಕಾರಣಕ್ಕೆ ಸಾಯ್ತಾನೆ. ಹುಡುಕಿಬಿಟ್ಟರೆ ಮಾತ್ರ ಆಪರೇಷನ್, ರೇಡಿಯೇಷನ್, ಆಮೇಲೆ ಮೂತ್ರ ತಡೆಯಲಾಗದ ಸ್ಥಿತಿ, ಲೈಂಗಿಕ ಶಕ್ತಿ ಕುಂದುವುದು.

ಯುರೋಪಿನ 1,62,000 ಗಂಡಸರ ಪ್ರಯೋಗದ 13 ವರ್ಷಗಳ ಲೆಕ್ಕ 2014ರಲ್ಲಿ ಬಂತು. 781 ಜನರನ್ನು ಸ್ಕ್ರೀನಿಂಗ್‌ಗೆ ಕರೆದರೆ 27 ಹೆಚ್ಚುವರಿ ಕ್ಯಾನ್ಸರ್ ಪತ್ತೆಯಾಗಿ, ಒಂದು ಸಾವು ತಪ್ಪುತ್ತೆ. ಆ ಒಬ್ಬನಿಗೆ ಅದು ಸಣ್ಣ ವಿಷಯವಲ್ಲ. ಉಳಿದ 26 ಜನರಲ್ಲಿ ಎಷ್ಟೋ ಮಂದಿಗೆ ಬೇಡದ ಚಿಕಿತ್ಸೆಯೂ ಸಣ್ಣ ವಿಷಯವಲ್ಲ. ಹಾಗಾಗಿಯೇ ಅಮೆರಿಕದ ತಜ್ಞರ ಸಮಿತಿ 2012ರಲ್ಲಿ ‘ಬೇಡ’ ಅಂದಿದ್ದು, 2018ರಲ್ಲಿ ‘55ರಿಂದ 69ರೊಳಗಿನವರು ಲಾಭ-ನಷ್ಟ ವೈದ್ಯರ ಹತ್ತಿರ ಮಾತಾಡಿ ತೀರ್ಮಾನ ಮಾಡಿಕೊಳ್ಳಲಿ, 70 ದಾಟಿದವರಿಗೆ ಬೇಡ’ ಅಂತ ಬದಲಾಯಿಸಿತು. ಪ್ರಾಸ್ಟೇಟ್‌ನ ಪ್ರತಿಜನಕವನ್ನು 1970ರಲ್ಲಿ ಗುರುತಿಸಿದ ರಿಚರ್ಡ್ ಆಬ್ಲಿನ್, ತಮ್ಮ ಸಂಶೋಧನೆ ಸಾಮೂಹಿಕ ಸ್ಕ್ರೀನಿಂಗ್‌ನ ವ್ಯಾಪಾರವಾದದ್ದನ್ನು ಕಟುವಾಗಿ ಟೀಕಿಸಿ 2010ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು.

ಈ ‘ಮಾತಾಡಿ ತೀರ್ಮಾನ ಮಾಡಿಕೊಳ್ಳಿ’ ಅನ್ನೋ ಭಾಗ ಆ್ಯಪ್‌ನಲ್ಲಿ ಎಲ್ಲಿದೆ? ಮನೆಗೆ ಬಂದು ರಕ್ತ ತೆಗೆಯೋ ಹುಡುಗನ ಹತ್ತಿರ ಮಾತಾಡಬೇಕಾ?

ನಂಬರ್ ಸುಳ್ಳು ಹೇಳುವ ಬಗೆಗಳು

ಲೀ ಗೆಲ್ಲಿಸಿದ ಅದೇ ಎಚ್‌ಸಿಜಿ ಇನ್ನೊಂದು ಕಡೆ ಅನಾಹುತ ಮಾಡಿತು. ಕೆಲವರ ರಕ್ತದಲ್ಲಿ ಟೆಸ್ಟ್‌ನ ಪ್ರತಿಕಾಯಕ್ಕೇ ಅಂಟಿಕೊಳ್ಳುವ ಬೇರೆ ಪ್ರತಿಕಾಯಗಳಿರುತ್ತವೆ. ಪ್ರೊಟೀನ್ ಇಲ್ಲದಿದ್ದರೂ ಯಂತ್ರ ‘ಇದೆ’ ಅನ್ನುತ್ತೆ. ಹೀಗೆ ಇಲ್ಲದ ಕೋರಿಯೋಕಾರ್ಸಿನೋಮಾಗೆ ಕಿಮೋ, ಆಪರೇಷನ್‌ವರೆಗೂ ಹೋದ ಮಹಿಳೆಯರ ವಿವರ 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಪತ್ತೆಹಚ್ಚುವ ದಾರಿ ಸುಲಭವಿತ್ತು: ಆ ಪ್ರತಿಕಾಯಗಳು ಮೂತ್ರಕ್ಕೆ ಇಳಿಯಲ್ಲ. ರಕ್ತದಲ್ಲಿ ಪಾಸಿಟಿವ್, ಮೂತ್ರದಲ್ಲಿ ನೆಗೆಟಿವ್ ಬಂದರೆ ಅನುಮಾನ ಪಡಬೇಕು. ಯಾರೂ ಮೂತ್ರ ನೋಡಿರಲಿಲ್ಲ, ಅಷ್ಟೇ.

ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ನುಂಗ್ತೀರಾ? ಬಯೋಟಿನ್ ಬಳಸಿ ನಡೆಸುವ ಎಷ್ಟೋ ಲ್ಯಾಬ್ ಟೆಸ್ಟ್‌ಗಳು ಅದರಿಂದ ತಪ್ಪು ಉತ್ತರ ಕೊಡಬಹುದು ಅಂತ ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಸಿಗರೇಟು ಸೇದುವವರಲ್ಲಿ ಸಿಇಎ ಸಹಜವಾಗೇ ಸ್ವಲ್ಪ ಹೆಚ್ಚು. ಒಂದು ಲ್ಯಾಬ್‌ನ ನಂಬರನ್ನು ಇನ್ನೊಂದು ಲ್ಯಾಬ್‌ನ ನಂಬರ್ ಜೊತೆ ಹೋಲಿಸೋದೂ ಸರಿಯಲ್ಲ. ಯಂತ್ರ, ಕಿಟ್ ಬೇರೆಯಾದರೆ ಅಳತೆಯೂ ಬೇರೆ.

ಚಿಕಿತ್ಸೆ ಮುಗಿಸಿದವರಲ್ಲೂ ನಂಬರ್ ಹಿಂದೆ ಕಣ್ಣುಮುಚ್ಚಿ ಓಡಬಾರದು ಅಂತ ತೋರಿಸಿದ್ದು 2010ರ ಒಂದು ಪ್ರಯೋಗ. ಅಂಡಾಶಯದ ಕ್ಯಾನ್ಸರ್‌ನಿಂದ ಚೇತರಿಸಿಕೊಂಡು, ಆಮೇಲೆ ಸಿಎ-125 ಮತ್ತೆ ಏರಿದ 529 ಮಹಿಳೆಯರಲ್ಲಿ ಅರ್ಧದಷ್ಟು ಜನಕ್ಕೆ ನಂಬರ್ ಏರಿದ ಕೂಡಲೇ ಕಿಮೋ, ಉಳಿದವರಿಗೆ ರೋಗಲಕ್ಷಣ ಕಂಡ ಮೇಲೆ. ಮೊದಲ ಗುಂಪಿಗೆ ಐದು ತಿಂಗಳಷ್ಟು ಬೇಗ ಚಿಕಿತ್ಸೆ ಸಿಕ್ಕಿತು. ಬದುಕಿದ ಕಾಲ ಎರಡೂ ಗುಂಪಿನಲ್ಲಿ ಒಂದೇ. ಬೇಗ ಶುರು ಮಾಡಿದವರು ಕಿಮೋದ ಸುಸ್ತನ್ನು ಬೇಗ ಅನುಭವಿಸಿದರು, ಅಷ್ಟೇ ವ್ಯತ್ಯಾಸ. ಲೀಯ ರೋಗಿಗಳಿಗೂ ಇವರಿಗೂ ಇರುವ ಫರಕು ಔಷಧದಲ್ಲಿದೆ. ಅಲ್ಲಿ ಪೂರ್ತಿ ಗುಣಪಡಿಸುವ ಔಷಧ ಇತ್ತು, ಇಲ್ಲಿ ಮರಳಿ ಬಂದ ಕಾಯಿಲೆಗೆ ಅದಿರಲಿಲ್ಲ.

ಹೊಸ ತಂತ್ರಜ್ಞಾನ ಬಂದ್ರೆ?

ಒಂದೇ ಪ್ರೊಟೀನ್ ಬದಲು ನೂರಾರು ಪ್ರೊಟೀನ್‌ಗಳನ್ನು ಒಟ್ಟಿಗೆ ನೋಡಿ, ಕಂಪ್ಯೂಟರ್‌ನಿಂದ ಮಾದರಿ ಹುಡುಕಿಸೋದು ಇವತ್ತಿನ ದಾರಿ. ಭರವಸೆ ಇದೆ. ಎಚ್ಚರವೂ ಬೇಕು. 2002ರಲ್ಲಿ ಒಂದು ಹನಿ ರಕ್ತದ ಪ್ರೊಟೀನ್ ನಕ್ಷೆಯಿಂದ ಪರೀಕ್ಷಿಸಿದ 50 ಅಂಡಾಶಯ ಕ್ಯಾನ್ಸರ್‌ಗಳನ್ನೂ ಪತ್ತೆಹಚ್ಚಿದೆವು ಅಂತ ಲ್ಯಾನ್ಸೆಟ್‌ನಲ್ಲಿ ಲೇಖನ ಬಂತು. ಜಗತ್ತೇ ಕುಣಿಯಿತು, ಟೆಸ್ಟ್ ಮಾರೋಕೂ ತಯಾರಿ ನಡೆಯಿತು. ಆಮೇಲೆ ಕೀತ್ ಬ್ಯಾಗರ್ಲಿ ಮತ್ತಿತರ ಅಂಕಿಅಂಶ ತಜ್ಞರು ಸಾರ್ವಜನಿಕವಾಗಿ ಇಟ್ಟಿದ್ದ ಡೇಟಾವನ್ನೇ ಕೂತು ಕೆದಕಿದರು. ಕಂಪ್ಯೂಟರ್ ಕಂಡ ವ್ಯತ್ಯಾಸದಲ್ಲಿ ದೊಡ್ಡ ಪಾಲು ಮಾದರಿಗಳನ್ನು ಯಂತ್ರದಲ್ಲಿ ನಡೆಸಿದ ರೀತಿಯಿಂದ ಬಂದಿರಬಹುದು, ಕಾಯಿಲೆಯಿಂದ ಅಲ್ಲ ಅಂತ ತೋರಿಸಿದರು. ಎಫ್‌ಡಿಎ ತಡೆದ ಮೇಲೆ ಆ ಟೆಸ್ಟ್ ಮಾರುಕಟ್ಟೆಗೆ ಬರಲಿಲ್ಲ. ಡೇಟಾ ಬಚ್ಚಿಟ್ಟಿದ್ದರೆ ಏನಾಗ್ತಿತ್ತು ಅಂತ ಯೋಚಿಸಿ.

2018ರಲ್ಲಿ ಜಾನ್ಸ್ ಹಾಪ್ಕಿನ್ಸ್ ತಂಡ ಎಂಟು ಪ್ರೊಟೀನ್‌ಗಳ ಜೊತೆ ಡಿಎನ್‌ಎ ತುಣುಕುಗಳನ್ನೂ ಸೇರಿಸಿ ಎಂಟು ಬಗೆಯ ಕ್ಯಾನ್ಸರ್ ಹುಡುಕುವ ಕ್ಯಾನ್ಸರ್‌ಸೀಕ್ ಎಂಬ ಟೆಸ್ಟ್ ಪ್ರಕಟಿಸಿತು. ಸುಳ್ಳು ಪಾಸಿಟಿವ್ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದ್ರೆ ಮೊದಲ ಹಂತದ ಕ್ಯಾನ್ಸರ್‌ಗಳಲ್ಲಿ ಸಿಕ್ಕಿದ್ದು 43 ಪರ್ಸೆಂಟ್ ಮಾತ್ರ. ಅದೂ ಕ್ಯಾನ್ಸರ್ ಇದೆ ಅಂತ ಆಗಲೇ ಗೊತ್ತಿದ್ದ 1,005 ರೋಗಿಗಳಲ್ಲಿ. ಯಾವುದನ್ನು ಬೇಗ ಹಿಡಿಯಬೇಕೋ ಅದೇ ಹೆಚ್ಚು ತಪ್ಪಿಸಿಕೊಳ್ಳುತ್ತೆ. ಸಣ್ಣ ಗೆಡ್ಡೆ ಸಣ್ಣದಾಗೇ ಸೋರುತ್ತೆ.

ಇದರ ನಡುವೆ ಸದ್ದಿಲ್ಲದೆ ಗೆದ್ದಿರೋ ಪ್ರೊಟೀನ್ ಟೆಸ್ಟ್ ಒಂದಿದೆ. ಮಲದಲ್ಲಿ ಮನುಷ್ಯನ ರಕ್ತದ ಹಿಮೊಗ್ಲೋಬಿನ್ ಇದೆಯಾ ಅಂತ ನೋಡುವ ಎಫ್‌ಐಟಿ. ಕರುಳಿನ ಕ್ಯಾನ್ಸರ್ ಹೆಚ್ಚಿರುವ ಅನೇಕ ದೇಶಗಳು ಅದನ್ನು ಮನೆಗೇ ಕಳಿಸುತ್ತವೆ. ಕ್ಯಾನ್ಸರ್‌ನ ವಿಶೇಷ ಪ್ರೊಟೀನ್ ಏನೂ ಅಲ್ಲ, ಬರೀ ರಕ್ತದ ಗುರುತು. ಮಲ ಕಳಿಸೋದು ಅಂದ್ರೆ ಜನ ಮುಖ ಕಿವುಚುತ್ತಾರೆ, ಜಾಹೀರಾತಿಗೂ ಚಂದ ಕಾಣಲ್ಲ.

ಯಾರ ದುಡ್ಡು, ಯಾರ ದುಡಿಮೆ

ಈಗ ರಾಜಕೀಯಕ್ಕೆ ಬರೋಣ. ನಮ್ಮ ರಾಷ್ಟ್ರೀಯ ಕಾರ್ಯಕ್ರಮ 30 ದಾಟಿದವರಿಗೆ ಮೂರು ಕ್ಯಾನ್ಸರ್‌ಗಳ ತಪಾಸಣೆ ಮಾಡಬೇಕು ಅನ್ನುತ್ತೆ: ಬಾಯಿ, ಸ್ತನ, ಗರ್ಭಕಂಠ. ಮೂರರಲ್ಲಿ ಒಂದಕ್ಕೂ ರಕ್ತಪರೀಕ್ಷೆ ಇಲ್ಲ. ಟಾರ್ಚ್ ಹಿಡಿದು ಬಾಯಿ ನೋಡೋದು, ಕೈಯಿಂದ ಸ್ತನ ಪರೀಕ್ಷಿಸೋದು, ಗರ್ಭಕಂಠಕ್ಕೆ ತೆಳುವಾದ ವಿನೆಗರ್ ಹಚ್ಚಿ ಬಿಳಿ ಮಚ್ಚೆ ಮೂಡುತ್ತಾ ಅಂತ ನೋಡೋದು.

ಇದು ಬಡವರಿಗೆ ಅಂತ ಮಾಡಿದ ಚೀಪ್ ವ್ಯವಸ್ಥೆ ಅಂದುಕೊಳ್ಳಬೇಡಿ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ಅಲ್ಲಿನ ಕೊಳೆಗೇರಿಗಳ ಒಂದೂವರೆ ಲಕ್ಷ ಮಹಿಳೆಯರ ಮೇಲೆ ವಿನೆಗರ್ ವಿಧಾನ ಪರೀಕ್ಷಿಸಿತು. ಮಾಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಗರ್ಭಕಂಠ ಕ್ಯಾನ್ಸರ್ ಸಾವು 31 ಪರ್ಸೆಂಟ್ ಇಳಿಯಿತು. ಕೇರಳದ ತಿರುವನಂತಪುರದಲ್ಲಿ ಬಾಯಿ ನೋಡುವ ಪ್ರಯೋಗ ನಡೆದಾಗ, ತಂಬಾಕು ಅಥವಾ ಮದ್ಯದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು 34 ಪರ್ಸೆಂಟ್ ಇಳಿದದ್ದು 2005ರಲ್ಲಿ ವರದಿಯಾಯಿತು. ಸಿಎ-125ಗೆ ಎರಡು ಲಕ್ಷ ಹೆಂಗಸರಲ್ಲಿ ಸಿಗದ ಪುರಾವೆ ಟಾರ್ಚ್‌ಗೆ, ವಿನೆಗರ್‌ಗೆ ಸಿಕ್ಕಿದೆ.

ಆದ್ರೆ ಎಷ್ಟು ಜನಕ್ಕೆ ತಲುಪಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ದೇಶದ 30ರಿಂದ 49ರ ಮಹಿಳೆಯರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಗರ್ಭಕಂಠ ತಪಾಸಣೆ ಆದವರು 1.9 ಪರ್ಸೆಂಟ್. ಸ್ತನ ತಪಾಸಣೆ 0.9. ಕರ್ನಾಟಕದ ‘ಗೃಹ ಆರೋಗ್ಯ’ ಯೋಜನೆ ಮನೆಮನೆಗೆ ಹೋಗುವ ಮಾತಾಡುತ್ತೆ, ಒಳ್ಳೆಯದೇ. ಹೋಗುವ ಕಾಲುಗಳು ಯಾರವು? 2025ರ ಜನವರಿಯ ಚಳಿಯಲ್ಲಿ ಗೌರವಧನ ಹೆಚ್ಚಿಸಿ ಅಂತ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲುರಾತ್ರಿ ಧರಣಿ ಕೂತರಲ್ಲ, ಆ ಆಶಾ ಕಾರ್ಯಕರ್ತೆಯರಂಥವರದು.

ಇನ್ನೊಂದು ಕಡೆ, ಆದಾಯ ತೆರಿಗೆಯ ಹಳೇ ಪದ್ಧತಿಯಲ್ಲಿ 80ಡಿ ಅಡಿ ‘ಮುಂಜಾಗ್ರತಾ ಆರೋಗ್ಯ ತಪಾಸಣೆ’ಗೆ 5,000 ರೂಪಾಯಿವರೆಗೆ ವಿನಾಯಿತಿ ಇದೆ. ಪ್ಯಾಕೇಜ್‌ನೊಳಗಿನ ಟೆಸ್ಟ್‌ಗೆ ಪುರಾವೆ ಇದೆಯಾ ಇಲ್ಲವಾ ಅಂತ ಯಾರೂ ಕೇಳಲ್ಲ. ಅಂದ್ರೆ ಕೆಂಪು ಬಾಣಕ್ಕೆ ಸರ್ಕಾರವೂ ಸ್ವಲ್ಪ ದುಡ್ಡು ಹಾಕ್ತಿದೆ. ಟೆಸ್ಟ್‌ನಲ್ಲಿ ಸಿಗುವ ಲಾಭ ಸಣ್ಣದು, ಬಾಣದ ಹಿಂದೆ ಬರುವ ಸ್ಕ್ಯಾನ್, ಬಯಾಪ್ಸಿ, ಆಪರೇಷನ್‌ಗಳಲ್ಲಿದೆ ನಿಜವಾದ ವ್ಯಾಪಾರ ಅನ್ನೋದು ನನ್ನ ಅಭಿಪ್ರಾಯ. ಲಕ್ಷಣವಿಲ್ಲದವರಿಗೆ ಟ್ಯೂಮರ್ ಮಾರ್ಕರ್‌ಗಳನ್ನು ‘ಕ್ಯಾನ್ಸರ್ ಸ್ಕ್ರೀನಿಂಗ್’ ಅಂತ ಹೆಸರಿಟ್ಟು ಮಾರೋದನ್ನು ನಿಲ್ಲಿಸಬೇಕು. ಕನಿಷ್ಠ ಪಕ್ಷ, ನೂರು ಬಾಣದಲ್ಲಿ ಎಷ್ಟು ಸುಳ್ಳು ಅಂತ ಬುಕಿಂಗ್ ಪುಟದಲ್ಲೇ ಕನ್ನಡದಲ್ಲಿ ಬರೆಸಬೇಕು.

ಇದರರ್ಥ ಡಾಕ್ಟರ್ ಬರೆದ ಟೆಸ್ಟನ್ನು ಹರಿದು ಬಿಸಾಕಿ ಅಂತಲ್ಲ. ವಾರಗಟ್ಟಲೆ ಹೊಟ್ಟೆ ಉಬ್ಬರ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗೋದು, ಕಿಬ್ಬೊಟ್ಟೆ ನೋವು ಇದ್ದರೆ, ಅದರಲ್ಲೂ ಮುಟ್ಟು ನಿಂತವರಲ್ಲಿ, ಸಿಎ-125 ಮತ್ತು ಸ್ಕ್ಯಾನ್ ಮಾಡಿಸಲೇಬೇಕು. ಅಲ್ಲಿ ಲೆಕ್ಕ ಬೇರೆ, ಯಾಕಂದ್ರೆ ಆ ಗುಂಪಿನಲ್ಲಿ ಕಾಯಿಲೆ ಇರುವ ಸಾಧ್ಯತೆಯೇ ಹೆಚ್ಚು. ಲಿವರ್ ಸಿರೋಸಿಸ್ ಇದ್ದವರಿಗೆ ಆರಾರು ತಿಂಗಳಿಗೆ ಸ್ಕ್ಯಾನ್ ಜೊತೆ ಎಎಫ್‌ಪಿ ನೋಡೋದಕ್ಕೂ ಅರ್ಥ ಇದೆ. ಮನೆಯಲ್ಲಿ ಅಮ್ಮ, ಅಕ್ಕ, ದೊಡ್ಡಮ್ಮನಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಪ್ಯಾಕೇಜ್ ಬಿಟ್ಟು ತಜ್ಞರ ಹತ್ತಿರವೇ ಹೋಗಿ.

ಚಿಕ್ಕಮ್ಮನಿಗೆ ಈಗ 47. ಅಷ್ಟು ಸ್ಕ್ಯಾನ್ ಆಗಿ, ಅಷ್ಟು ದುಡ್ಡು ಹೋದರೂ ಗರ್ಭಕಂಠದ ತಪಾಸಣೆ ಒಂದು ಸಲವೂ ಆಗಿರಲಿಲ್ಲ ಅಂತ ಗೊತ್ತಾದದ್ದು ಆ ಸರ್ಕಾರಿ ಡಾಕ್ಟರಮ್ಮ ಕೇಳಿದಾಗಲೇ. ಹೋದ ತಿಂಗಳು ಊರಿನ ಆಶಾ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಮಾಡಿಸಿಕೊಂಡು ಬಂದರು. ಹತ್ತು ನಿಮಿಷದ ಕೆಲಸವಂತೆ. ಬಾಯಿಯನ್ನೂ ನೋಡಿದರು, ಎಲೆಅಡಿಕೆ ಬಿಡಿ ಅಂತ ಬೈದರು. ಏನೂ ಇಲ್ಲ, ಐದು ವರ್ಷ ಬಿಟ್ಟು ಮತ್ತೆ ಬನ್ನಿ ಅಂತ ಚೀಟಿಯಲ್ಲಿ ಬರೆದುಕೊಟ್ಟರು.